ಹತ್ತಿ ಸುಗ್ಗಿಯ ಹಾಜರಿ ಪುಸ್ತಕ

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಜಿಲ್ಲೆಗಳ ಪಟ್ಟಿಯನ್ನು ಕರಾವಳಿಯವರು ಮೇಲಿನಿಂದ ಓದುತ್ತಾರೆ, ಕಲ್ಯಾಣ ಕರ್ನಾಟಕದವರು ಕೆಳಗಿನಿಂದ. 2024ರಲ್ಲಿ ಉಡುಪಿ ಶೇ 94ರೊಂದಿಗೆ ಮೊದಲಿತ್ತು, ಯಾದಗಿರಿ ಶೇ 50.59ರೊಂದಿಗೆ ಕೊನೆಗಿತ್ತು. ಮರುವರ್ಷ ದಕ್ಷಿಣ ಕನ್ನಡಕ್ಕೆ ಶೇ 91.12, ಕಲಬುರಗಿಗೆ ಶೇ 42.43. ಜಿಲ್ಲೆಗಳ ಹೆಸರು ಬದಲಾದರೂ ದಿಕ್ಕು ಮಾತ್ರ ಅದೇ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳೇನೂ ದಡ್ಡರಾಗಿರಲಿಲ್ಲ. ಮೊದಲಿನಿಂದ ಇದ್ದ ಸ್ಥಿತಿ ಕಣ್ಣಿಗೆ ಬಿತ್ತು, ಅಷ್ಟೇ.

ಆ ಸ್ಥಿತಿ ಎಲ್ಲಿ ದಾಖಲಾಗಿರುತ್ತದೆ ಎಂಬುದು ಯಾದಗಿರಿ ಜಿಲ್ಲೆಯ ಹಳ್ಳಿ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿದವರಿಗೆಲ್ಲ ಗೊತ್ತು. ನಾನೂ ಅವರಲ್ಲೊಬ್ಬ. ಉತ್ತರಪತ್ರಿಕೆಗಿಂತ ಮೊದಲೇ ಅದು ಹಾಜರಿ ಪುಸ್ತಕದಲ್ಲಿ ಇರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬೆಂಚು ಸಾಲದಷ್ಟು ಮಕ್ಕಳು. ದಸರಾ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಹೊಲದಲ್ಲಿ ಹತ್ತಿ ಒಡೆದಿರುತ್ತದೆ, ಪುಟದಲ್ಲಿ ಗೈರಿನ ಗುರುತುಗಳು ಸಾಲುಗಟ್ಟುತ್ತವೆ. ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕದ್ದು. ಮನೆಯಿಂದ ಎಷ್ಟು ಕೈ ಹೋದರೆ ಅಷ್ಟು ದುಡ್ಡು. ಮನೆಗೆ ಹೋಗಿ ಕೇಳಿದರೆ ತಾಯಿಯ ಉತ್ತರ ಸಿದ್ಧವಿರುತ್ತದೆ: “ಸರ, ಈಗ ಹತ್ತಿ ಬಿಡಸೂ ಟೈಮ್ ಅದರೀ, ಆಳು ಸಿಗಂಗಿಲ್ಲ. ಇದು ಮುಗದಮ್ಯಾಗ ಕಳಸ್ತೀವಿ.” ಸುಳ್ಳಲ್ಲ, ಕಳಿಸುತ್ತಾರೆ. ಆದರೆ ಹತ್ತಿ ಮುಗಿಯುವಷ್ಟರಲ್ಲಿ ತೊಗರಿ ಕೊಯ್ಲಿಗೆ ಬಂದಿರುತ್ತದೆ, ಅದರ ಬೆನ್ನಿಗೆ ಮೆಣಸಿನಕಾಯಿ. ಹುಡುಗಿ ಮರಳುವಾಗ ಜನವರಿ ಕಳೆಯುತ್ತಿರುತ್ತದೆ. ತರಗತಿ ತ್ರಿಕೋನಮಿತಿಗೆ ಬಂದಿದೆ, ಅವಳು ಸಮಾಂತರ ಶ್ರೇಢಿಯಲ್ಲೇ ಇದ್ದಾಳೆ.

ಇನ್ನು ಗುಳೆ ಹೋಗುವ ಮನೆಗಳ ಮಕ್ಕಳು. ಬೆಂಗಳೂರು, ಪುಣೆಯ ಕಟ್ಟಡಗಳ ಬುಡದ ಶೆಡ್ಡುಗಳಲ್ಲಿ ತಮ್ಮ ತಂಗಿಯರನ್ನು ನೋಡಿಕೊಂಡು ಉಳಿಯುವ ಅವರನ್ನು ಯಾವ ಮೇಷ್ಟ್ರು ಮನೆಗೆ ಹೋಗಿ ಕರೆಯಬೇಕು?

ಹೀಗೆ ಪಾಠ ತಪ್ಪಿ ಹಿಂದುಳಿದವರಿಗೆ ಇರುವ ಮದ್ದು ‘ಪಾಸಿಂಗ್ ಪ್ಯಾಕೇಜ್’. ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ, ಖಚಿತವಾಗಿ ಬರುವ ಗ್ರಾಫ್, ಒಂದೆರಡು ಪ್ರಮೇಯ, ವಿಜ್ಞಾನದ ಚಿತ್ರ, ಒಂದು ಪತ್ರಲೇಖನ ಇಷ್ಟನ್ನೇ ತಿದ್ದಿಸಿ ದಡ ಮುಟ್ಟಿಸುವ ಕೆಲಸ. ಅದನ್ನು ಹೀಗಳೆಯುವುದು ಸುಲಭ, ಆದರೆ ಅದರಿಂದ ಪಾಸಾಗಿ ನರ್ಸಿಂಗ್ ಸೇರಿದವರೂ ಇದ್ದಾರೆ. ಬೆಳಗಿನ ಜಾವ ಶಿಕ್ಷಕರು ಫೋನ್ ಮಾಡಿ ಮಕ್ಕಳನ್ನು ಓದಲು ಎಬ್ಬಿಸುವ ಕ್ರಮವೂ ಇದೆ. ಮನೆಗಿರುವ ಒಂದೇ ಫೋನು ಅಪ್ಪನ ಜೊತೆ ಪುಣೆಯಲ್ಲಿದ್ದರೆ, ಎಚ್ಚರಗೊಳ್ಳುವವನು ಅಪ್ಪ.

ಶಾಲೆಗೆ ತಪ್ಪದೆ ಬರುವ ಮಕ್ಕಳ ಕಷ್ಟ ಬೇರೆಯೇ. 84ನ್ನು 7ರಿಂದ ಭಾಗಿಸು ಎಂದು ಬೋರ್ಡಿನ ಮೇಲೆ ಬರೆದರೆ ಮಾಡುವ ಹುಡುಗ, ಅದನ್ನೇ ಎರಡು ಸಾಲಿನ ಹೇಳಿಕೆ ಲೆಕ್ಕವಾಗಿ ಕೊಟ್ಟರೆ ಪೆನ್ನು ಕೆಳಗಿಡುತ್ತಾನೆ. ಅವನಿಗೆ ಸಾಲು ಓದಿ ಅರ್ಥ ಹಿಡಿಯಲಾಗುವುದಿಲ್ಲ. ತಾಂಡಾದ ಮಕ್ಕಳಿಗೆ ಮನೆಯಲ್ಲಿ ಲಂಬಾಣಿ, ಗುರುಮಠಕಲ್ ಕಡೆಯ ಎಷ್ಟೋ ಮಕ್ಕಳಿಗೆ ತೆಲುಗು. ಪಠ್ಯದ ಕನ್ನಡ ಇವರಿಗೆ ಎರಡನೆಯದು. ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನವರನ್ನು ಪರೀಕ್ಷಿಸಿದ ‘ಅಸರ್’ 2023ರ ಸಮೀಕ್ಷೆಯಲ್ಲಿ, ಕಾಲು ಭಾಗದಷ್ಟು ಮಂದಿಗೆ ತಮ್ಮ ಪ್ರಾದೇಶಿಕ ಭಾಷೆಯಲ್ಲಿ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಬರಲಿಲ್ಲ. ಎಂಟನೆಯ ತರಗತಿಗೆ ಬಂದವರಿಗೆ ಸೇತುಬಂಧ ತರಗತಿ ನಡೆಸುತ್ತೇವೆ, ನಿಜ. ಏಳು ವರ್ಷದ ಕಂದಕಕ್ಕೆ ಕೆಲವೇ ವಾರಗಳ ಸೇತುವೆ. ಗಣಿತದ ಪಿರಿಯಡ್‌ನಲ್ಲಿ ಮೊದಲ ಹತ್ತು ನಿಮಿಷ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ, ‘ಏನು ಕೇಳ್ಯಾರ ಹೇಳು’ ಎಂದು ಅವರ ಮಾತಿನಲ್ಲೇ ಹೇಳಿಸತೊಡಗಿದ ಮೇಲೆ ನನ್ನ ತರಗತಿಯಲ್ಲಿ ಖಾಲಿ ಬಿಡುವ ಪ್ರಶ್ನೆಗಳು ಕಡಿಮೆಯಾದವು. ಸೂತ್ರಗಳ ಚಾರ್ಟು ಅಷ್ಟು ಕೆಲಸ ಮಾಡಿರಲಿಲ್ಲ.

ದಾರಿಯ ದೂರವೂ ಅಂಕಪಟ್ಟಿಗೆ ಬರುತ್ತದೆ. ಏಳರವರೆಗೆ ಊರಲ್ಲೇ ಶಾಲೆ, ಎಂಟಕ್ಕೆ ದೊಡ್ಡ ಊರು. ಹೆಣ್ಣುಮಕ್ಕಳ ಓದು ನಿಲ್ಲುವುದು ಇದೇ ಹೊಸ್ತಿಲಲ್ಲಿ. ಬಿಹಾರದಲ್ಲಿ ಪ್ರೌಢಶಾಲೆಯ ಹುಡುಗಿಯರಿಗೆ ಸೈಕಲ್ ಕೊಟ್ಟ ಯೋಜನೆಯನ್ನು ಅಧ್ಯಯನ ಮಾಡಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಅವರ ದಾಖಲಾತಿ ಶೇ 32ರಷ್ಟು ಹೆಚ್ಚಿದ್ದನ್ನು ಕಂಡರು; ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿ ಲಾಭ ಹೆಚ್ಚು. ಕರ್ನಾಟಕದಲ್ಲೂ 2006-07ರಿಂದ ಎಂಟನೆಯ ತರಗತಿಗೆ ಸೈಕಲ್ ಬಂತು, ಕೋವಿಡ್ ಕಾಲದಲ್ಲಿ ನಿಂತಿತು. ಈಗ ಬಸ್ಸೇ ಗತಿ. ಬುದ್ಧಿ ತಾಜಾ ಇರುತ್ತದೆಂದು ಗಣಿತವನ್ನು ಮೊದಲ ಪಿರಿಯಡ್‌ಗೆ ಹಾಕುವುದು ಹಲವು ಶಾಲೆಗಳ ವಾಡಿಕೆ. ಬಸ್ಸು ತಡವಾದರೆ ಮಕ್ಕಳಿಗೆ ತಪ್ಪುವುದೂ ಅದೇ ಪಿರಿಯಡ್. ವೇಳಾಪಟ್ಟಿಯಲ್ಲಿ ಗಣಿತವನ್ನು ಮೂರನೆಯದಕ್ಕೆ ಸರಿಸಲು ಸರ್ಕಾರಿ ಆದೇಶವೇನೂ ಬೇಕಿಲ್ಲ. ಆ ಪಿರಿಯಡ್ ಬಿಟ್ಟುಕೊಡಲು ಹಿಂದಿ ಶಿಕ್ಷಕರು ಒಪ್ಪಿದರೆ ಸಾಕು.

ಮನೆಯ ಹಿನ್ನೆಲೆಗೆ ಶಾಲೆಯ ಸೌಕರ್ಯಕ್ಕಿಂತ ಹೆಚ್ಚಿನ ಪ್ರಭಾವವಿದೆ ಎಂದು ಅಮೆರಿಕದ ಕೋಲ್ಮನ್ ವರದಿ 1966ರಲ್ಲೇ ಹೇಳಿತ್ತು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಯಾದಗಿರಿಯದು ಶೇ 51.83. ಅಲ್ಲಿ ನೋಟ್‌ಬುಕ್ ತೆರೆದು ನೋಡುವ ಅಮ್ಮ ಇದ್ದಾಳೆ; ಇಲ್ಲಿ ಎಷ್ಟೋ ಮನೆಗಳಲ್ಲಿ ಶಾಲೆಗೆ ಬರುವ ಹುಡುಗಿಯೇ ಮೊದಲು ಓದು ಕಲಿತವಳು. ಇಷ್ಟಾದರೂ, ಮನೆ ಹೀಗಿದೆ ಎಂದು ಶಾಲೆ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಎಂಟು, ಒಂಬತ್ತರಲ್ಲಿ ಗಣಿತ, ಇಂಗ್ಲಿಷ್‌ಗೆ ಕಾಯಂ ಶಿಕ್ಷಕರಿಲ್ಲದೆ, ಅತಿಥಿ ಶಿಕ್ಷಕರು ಬಂದು ಹೋಗುವ ಶಾಲೆಯಲ್ಲಿ ಯಾವ ಮನೆಯ ಮಗು ಕೂತರೂ ಹತ್ತರಲ್ಲಿ ತಡವರಿಸುತ್ತದೆ.

ನನಗೆ ಗೊತ್ತಿರುವ ಮುಖ್ಯಶಿಕ್ಷಕಿಯೊಬ್ಬರು ಕೆಲಸ ಶುರುಮಾಡುವುದು ಜೂನ್‌ನಲ್ಲಿ. ಅಪ್ಪ ಅಮ್ಮ ಗುಳೆ ಹೋದಾಗ ಮಕ್ಕಳು ಇಲ್ಲೇ ಉಳಿಯಬೇಕಾದರೆ ಹಾಸ್ಟೆಲ್ ಬೇಕು. ಅದಕ್ಕೆ ಅರ್ಜಿ ಹಾಕುವುದು ಶಾಲೆ ಆರಂಭದ ದಿನಗಳಲ್ಲಿ, ಗುಳೆಯ ಮಾತು ಮನೆಯಲ್ಲಿ ಬರುವುದು ದಸರಾ ಮುಂದೆ. ಅಷ್ಟರಲ್ಲಿ ಸೀಟು ಮುಗಿದಿರುತ್ತದೆ. ಅವರು ಹಿಂದಿನ ವರ್ಷದ ಹಾಜರಿ ಪುಸ್ತಕ ತೆಗೆದು, ನವೆಂಬರಿನಲ್ಲಿ ಮಾಯವಾದ ಹೆಸರುಗಳನ್ನು ಗುರುತು ಹಾಕಿಕೊಂಡು, ಆ ಮನೆಗಳಿಗೆ ಹೋಗಿ ಜೂನ್‌ನಲ್ಲೇ ಅರ್ಜಿ ತುಂಬಿಸುತ್ತಾರೆ. ಗಂಡುಹುಡುಗರ ತಂದೆಯರು ಬೇಗ ಸಹಿ ಹಾಕುತ್ತಾರೆ. ಹುಡುಗಿಯರ ಮನೆಗೆ ಅವರು ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಕೆಲವು ಮನೆಗಳಲ್ಲಿ ಅಜ್ಜಿಯ ಬಳಿ ಬಿಟ್ಟುಹೋಗುತ್ತೇವೆ ಎಂಬಲ್ಲಿಗೆ ಮಾತು ನಿಲ್ಲುತ್ತದೆ, ಅವರು ಅದಕ್ಕೂ ಒಪ್ಪಿಕೊಂಡು ಬರುತ್ತಾರೆ.