ವಿದ್ಯಾರ್ಥಿಗಳೂ ಅಂಗಸಾಧನೆಯ ಸ್ಪರ್ಧೆಗಳೂ

ವಿದ್ಯೆಯು ಬುದ್ಧಿಗೆ ಸೇರಿದುದು, ಬಲವು ಶರೀರಕ್ಕೆ ಸೇರಿದುದು ಎಂದು ಇವೆರಡನ್ನೂ ಬೇರ್ಪಡಿಸಿ ನೋಡುವ ರೂಢಿ ನಾಡಿನ ಶಾಲೆಗಳಲ್ಲಿ ಆಳವಾಗಿ ಬೇರೂರಿದೆ. ವೇಳಾಪಟ್ಟಿಯಲ್ಲಿ ವ್ಯಾಯಾಮಕ್ಕೆ ಸ್ಥಾನವಿರುತ್ತದೆ. ಆದರೆ ಪರೀಕ್ಷೆ ಸಮೀಪಿಸಿದೊಡನೆ ಗಣಿತಕ್ಕೋ ಇಂಗ್ಲಿಷಿಗೋ ಮೊದಲು ಎರವಾಗುವುದು ಆ ಅವಧಿಯೇ. ಕಬಡ್ಡಿ, ಖೋಖೋ, ವಾಲಿಬಾಲ್ ಪಂದ್ಯಗಳಿಗಾದರೂ ತಂಡಗಳು ಹೊರಡುತ್ತವೆ. ಅಂಗಸಾಧನೆಯ, ಎಂದರೆ ಜಿಮ್ನಾಸ್ಟಿಕ್ಸ್ ಸ್ಪರ್ಧೆಯ ಮಾತು ಬಂದರೆ ಮಾತ್ರ ‘ಅದು ನಗರದ ಶಾಲೆಗಳ ವಿಷಯ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಶಿಕಾರಿಪುರ, ಸೊರಬದಂತಹ ತಾಲ್ಲೂಕುಗಳ ಮಟ್ಟಿಗೆ ಈ ಉತ್ತರವು ಎಷ್ಟು ಸಮಂಜಸವೆಂಬುದು ವಿಚಾರಾರ್ಹವಾಗಿದೆ.

ಈ ಸೀಮೆಯ ಪರಂಪರೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವು ಮಯೂರಶರ್ಮನ ವೃತ್ತಾಂತವನ್ನು ತಿಳಿಸುತ್ತದೆ. ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ ಹೋದ ವಿದ್ಯಾರ್ಥಿಯೇ ಮುಂದೆ ಶಸ್ತ್ರ ಹಿಡಿದು ಕದಂಬ ರಾಜ್ಯವನ್ನು ಸ್ಥಾಪಿಸಿದನು. ಅದೇ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠವನ್ನು ಬಣ್ಣಿಸುವ ಕ್ರಿ.ಶ. 1162ರ ಶಾಸನದಲ್ಲಿ ವ್ಯಾಕರಣ, ದರ್ಶನಗಳ ಜೊತೆಗೆ ಪಾತಂಜಲಾದಿ ಯೋಗಶಾಸ್ತ್ರಗಳ ವ್ಯಾಖ್ಯಾನವೂ, ದೀನರಿಗೆ ಅನ್ನದಾನವೂ, ರೋಗಿಗಳಿಗೆ ಔಷಧೋಪಚಾರವೂ ಅಲ್ಲಿ ನಡೆಯುತ್ತಿದ್ದುವೆಂದು ಹೇಳಿದೆ. ಒಂದು ವಿದ್ಯಾಕೇಂದ್ರವು ಬುದ್ಧಿಯನ್ನು ಬೆಳಸುವುದರೊಡನೆ ಶರೀರದ ಚಿಂತೆಯನ್ನೂ ವಹಿಸಿಕೊಂಡಿತ್ತೆಂಬುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷ್ಯ ಬೇಕಿಲ್ಲ.

ಬಳ್ಳಿಗಾವಿಯು ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿದ್ದ ಕಾಲದಲ್ಲಿ ಈ ನಾಡನ್ನಾಳಿದವರು ಕಲ್ಯಾಣದ ಚಾಲುಕ್ಯರು. ಆಹವಮಲ್ಲ, ತ್ರಿಭುವನಮಲ್ಲ, ಭೂಲೋಕಮಲ್ಲ ಎಂಬ ಅವರ ಬಿರುದುಗಳಲ್ಲಿಯೇ ಮಲ್ಲಶಬ್ದವು ನೆಲೆಸಿದೆ. ಇವರಲ್ಲಿ ಭೂಲೋಕಮಲ್ಲನೆಂದು ಹೆಸರಾದ ಮೂರನೆಯ ಸೋಮೇಶ್ವರನು (1126–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವುಂಟು. ವಯಸ್ಸು, ದೇಹಪ್ರಮಾಣ, ಬಲಗಳನ್ನು ನೋಡಿ ಮಲ್ಲರನ್ನು ವರ್ಗೀಕರಿಸಬೇಕೆಂದೂ, ಅವರಿಗೆ ತಕ್ಕ ಆಹಾರವನ್ನು ಕೊಡಬೇಕೆಂದೂ ಅಲ್ಲಿ ವಿಧಿಸಿದೆ. ಭಾರವನ್ನೆತ್ತುವುದು, ನೀರಿನಲ್ಲಿ ಈಸುವುದು ಮುಂತಾದ ಶ್ರಮಗಳ ಸಾಲಿನಲ್ಲಿ ‘ಸ್ತಂಭಶ್ರಮ’ವೂ ಹೇಳಲ್ಪಟ್ಟಿದೆ. ಶ್ರಮವೆಂದರೆ ಇಲ್ಲಿ ಸಾಮು. ಸ್ತಂಭವೇ ಕನ್ನಡದಲ್ಲಿ ಕಂಬ. ಮಲ್ಲಕಂಬವೆಂಬ ಅಂಗಸಾಧನೆಯ ಮೂಲವನ್ನು ವಿದ್ವಾಂಸರು ಇಲ್ಲಿ ಗುರುತಿಸುತ್ತಾರೆ. ಲಾಗ, ತಿಪ್ಪರಲಾಗ, ಸಾಮು, ಗರಡಿ ಎಂಬ ಮಾತುಗಳು ಆಡುನುಡಿಯಲ್ಲಿ ಇಂದಿಗೂ ಬಳಕೆಯಲ್ಲಿರುವುದನ್ನು ನೋಡಿದರೂ ಈ ವಿದ್ಯೆ ಹೊರಗಿನಿಂದ ಬಂದುದೆಂದು ಹೇಳಲಾಗದು.

ಸ್ಪರ್ಧೆಯ ಸ್ವರೂಪ

ಇಂದಿನ ಜಿಮ್ನಾಸ್ಟಿಕ್ಸ್ ರೂಪುಗೊಂಡುದು ಯುರೋಪಿನಲ್ಲಿ. 1811ರಲ್ಲಿ ಫ್ರೆಡ್ರಿಕ್ ಲುಡ್ವಿಗ್ ಯಾನ್ ಎಂಬ ಜರ್ಮನ್ ಶಿಕ್ಷಕನು ಬರ್ಲಿನ್ ನಗರದ ಹೊರಬಯಲಿನಲ್ಲಿ ವ್ಯಾಯಾಮದ ಅಂಗಳವೊಂದನ್ನು ತೆರೆದನು. 1896ರ ಆಧುನಿಕ ಒಲಿಂಪಿಕ್ಸ್‌ನಲ್ಲಿಯೇ ಈ ಕ್ರೀಡೆಗೆ ಸ್ಥಾನ ದೊರೆಯಿತು. ಈಗ ಪುರುಷರಿಗೆ ನೆಲದ ಸಾಧನೆ, ಹಿಡಿಕೆಯ ಕುದುರೆ, ಉಂಗುರಗಳು, ವಾಲ್ಟ್, ಸಮಾಂತರ ಸರಳುಗಳು, ಅಡ್ಡಸರಳು ಎಂದು ಆರು ವಿಭಾಗಗಳು. ಮಹಿಳೆಯರಿಗೆ ವಾಲ್ಟ್, ಏರಿಳಿತದ ಜೋಡಿ ಸರಳುಗಳು, ಸಮತೋಲನದ ತೊಲೆ, ನೆಲದ ಸಾಧನೆ ಎಂದು ನಾಲ್ಕು ವಿಭಾಗಗಳು.

ಇತರ ಪಂದ್ಯಗಳಲ್ಲಿ ಎದುರಾಳಿಯ ತಪ್ಪಿನಿಂದಲೂ ಗೆಲುವು ಬರಬಹುದು. ಇಲ್ಲಿ ಸಾಧಕನು ತನ್ನ ದೇಹವನ್ನು ತಾನೇ ಆಳಬೇಕು. 2006ರಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸಾಧನೆಯ ಕಠಿಣತೆಗೆ ಒಂದು ಅಂಕ, ನಿರ್ವಹಣೆಗೆ ಮತ್ತೊಂದು ಅಂಕ ಎಂಬ ಪದ್ಧತಿಯಿದೆ. ನಿರ್ವಹಣೆಯು ಹತ್ತರಿಂದ ಆರಂಭವಾಗಿ ಕಳೆಯುತ್ತ ಹೋಗುತ್ತದೆ: ಸಣ್ಣ ದೋಷಕ್ಕೆ 0.1, ಮಧ್ಯಮ ದೋಷಕ್ಕೆ 0.3, ದೊಡ್ಡ ದೋಷಕ್ಕೆ 0.5, ಬಿದ್ದರೆ ಪೂರ್ಣ 1 ಅಂಕ. ಮಂಡಿ ಕಿಂಚಿತ್ ಬಾಗಿದರೂ, ಇಳಿದ ಮೇಲೆ ಪಾದ ಕದಲಿದರೂ ಲೆಕ್ಕವುಂಟು. ಕಾಗುಣಿತವನ್ನು ತಿದ್ದುವ ಗುರುವಿನ ದೃಷ್ಟಿಯೇ ಇಲ್ಲಿಯ ತೀರ್ಪುಗಾರರ ದೃಷ್ಟಿ. ಕಠಿಣವಾದುದನ್ನು ಅಡ್ಡಾದಿಡ್ಡಿಯಾಗಿ ಮಾಡುವುದಕ್ಕಿಂತ ಸುಲಭವಾದುದನ್ನು ಶುದ್ಧವಾಗಿ ಮಾಡುವುದು ಮೊದಲ ಪಾಠವೆಂದು ವಿದ್ಯಾರ್ಥಿಗೆ ಇದರಿಂದ ಮನವರಿಕೆಯಾಗುತ್ತದೆ.

ತ್ರಿಪುರಾದ ದೀಪಾ ಕರ್ಮಾಕರ್ ಅವರ ಉದಾಹರಣೆಯನ್ನು ಇಲ್ಲಿ ಸ್ಮರಿಸಬಹುದು. ಹುಟ್ಟಿನಿಂದ ಚಪ್ಪಟೆ ಪಾದವುಳ್ಳ ಅವರು ಅಗರ್ತಲಾದಲ್ಲಿ ಬಾಲ್ಯದಿಂದ ಅಭ್ಯಾಸಮಾಡಿ, 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ವಿಭಾಗದಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಒಲಿಂಪಿಕ್ಸ್ ಜಿಮ್ನಾಸ್ಟಿಕ್ಸ್‌ನಲ್ಲಿ ಸ್ಪರ್ಧಿಸಿದ ಭಾರತದ ಮೊದಲ ಮಹಿಳೆ ಅವರೇ. ಕಂಚಿನ ಪದಕಕ್ಕೂ ಅವರಿಗೂ ಇದ್ದ ಅಂತರ ಕೇವಲ 0.15 ಅಂಕ. ಪದಕ ಬಾರದಿದ್ದರೂ ದೊಡ್ಡ ನಗರಗಳಿಂದ ದೂರದ ಊರಿನ ಬಾಲಿಕೆಯೂ ಈ ವಿದ್ಯೆಯಲ್ಲಿ ಜಗತ್ತಿನ ಎದುರು ನಿಲ್ಲಬಲ್ಲಳೆಂಬುದು ಆ ದಿನ ದೇಶಕ್ಕೆ ತಿಳಿಯಿತು.

ಭಾಗವಹಿಸುವುದೆಂದರೆ ಏನು?

ಶಾಲಾ ಕ್ರೀಡೆಗಳಲ್ಲಿ ಹದಿನಾಲ್ಕು, ಹದಿನೇಳು, ಹತ್ತೊಂಬತ್ತು ವರ್ಷದೊಳಗಿನವರೆಂಬ ವರ್ಗಗಳಿವೆ. ತಾಲ್ಲೂಕಿನಿಂದ ಜಿಲ್ಲೆ, ವಿಭಾಗ, ರಾಜ್ಯಗಳವರೆಗೆ ಮೆಟ್ಟಿಲುಗಳಿವೆ. ಮೆಟ್ಟಿಲುಗಳಿವೆಯೆಂದು ಮಕ್ಕಳನ್ನು ಒಮ್ಮೆಲೇ ಏರಿಸಲಾಗದು. ಅಂಗಸಾಧನೆಯ ಸ್ಪರ್ಧೆಗೆ ಹೋಗುವುದೆಂದರೆ ಅರ್ಜಿ ತುಂಬಿ ಬಸ್ಸು ಹತ್ತುವುದಲ್ಲ. ಒಂದೆರಡು ವರ್ಷಗಳ ಅಭ್ಯಾಸವನ್ನು ಒಂದೆರಡು ನಿಮಿಷಗಳಲ್ಲಿ ಒಪ್ಪಿಸುವುದು. ಕಬಡ್ಡಿಯಲ್ಲಿ ಅಭ್ಯಾಸ ಸಾಲದ ತಂಡ ಸೋತು ಬರುತ್ತದೆ. ಇಲ್ಲಿ ಅಭ್ಯಾಸ ಸಾಲದ ಮಗು ಕತ್ತಿಗೋ ಬೆನ್ನಿಗೋ ಪೆಟ್ಟುಮಾಡಿಕೊಂಡು ಬರಬಹುದು. ಆದ್ದರಿಂದ ಶಾಲೆಗೆ ಕೀರ್ತಿ ಬರಲೆಂದು ಅಣಿಯಾಗದ ವಿದ್ಯಾರ್ಥಿಯನ್ನು ಕಳುಹಿಸುವುದು ಅನ್ಯಾಯ. ಸಾಮರ್ಥ್ಯವುಳ್ಳ ವಿದ್ಯಾರ್ಥಿಯನ್ನು ಸೌಕರ್ಯವಿಲ್ಲವೆಂದು ಎಂದಿಗೂ ಕಳುಹಿಸದೆ ಇರುವುದೂ ಅಷ್ಟೇ ಅನ್ಯಾಯ.

ಉಪಾಧ್ಯಾಯರು ಪಾಲಿಸಬೇಕಾದ ಕ್ರಮಗಳು ಕೆಲವುಂಟು. ಮೈಯನ್ನು ಹದವಾಗಿ ಬಿಸಿಮಾಡಿಕೊಳ್ಳದೆ ಸಾಧನೆಗೆ ತೊಡಗಿಸಬಾರದು. ಬೀಳುವುದನ್ನು ಮೊದಲು ಕಲಿಸಿ ಆಮೇಲೆ ಹಾರುವುದನ್ನು ಕಲಿಸಬೇಕು. ದಪ್ಪ ಹಾಸು ಇಲ್ಲದೆ, ಆಸರೆಗೆ ಕೈಕೊಡುವ ಗುರುವಿಲ್ಲದೆ ಗಾಳಿಯಲ್ಲಿ ಲಾಗ ಹಾಕಿಸಬಾರದು. ಅಭ್ಯಾಸದಲ್ಲಿ ನೂರು ಬಾರಿ ನಿಂತ ಸಾಧನೆಯನ್ನಲ್ಲದೆ ಹೊಸದನ್ನು ಸ್ಪರ್ಧೆಯ ದಿನ ಪ್ರಯತ್ನಿಸಲು ಬಿಡಬಾರದು. ಬಾಲಿಕೆಯರಿಗೂ ಇದೇ ಶಿಕ್ಷಣ, ಇದೇ ಅವಕಾಶ ಇರಬೇಕು. ಅಕ್ಕಮಹಾದೇವಿಯು ಹುಟ್ಟಿದ ಉಡುತಡಿಯ ನಾಡಿನಲ್ಲಿ ಹೆಣ್ಣುಮಗಳ ದಿಟ್ಟತನವನ್ನು ಹೊಸದಾಗಿ ಸಮರ್ಥಿಸಬೇಕಾಗಿಲ್ಲ.

ಆರಂಭಕ್ಕೆ ಬೇಕಾದುದು

ಉಂಗುರ, ಸರಳು, ಕುದುರೆಗಳೆಲ್ಲವನ್ನೂ ಒಂದೇ ವರ್ಷ ಕೊಳ್ಳುವುದು ಗ್ರಾಮಾಂತರ ಶಾಲೆಗೆ ಸಾಧ್ಯವಾಗಲಾರದು. ನೆಲದ ಸಾಧನೆ ಮತ್ತು ಮಲ್ಲಕಂಬಗಳಿಂದ ಆರಂಭಿಸುವುದು ಕೈಗೆಟಕುವ ಮಾರ್ಗ. ಬೀಟೆ ಅಥವಾ ತೇಗದ ಕಂಬವನ್ನು ನುಣುಪಾಗಿ ಕೆತ್ತಿಸಿ ಆಳವಾಗಿ ನೆಟ್ಟು, ಹರಳೆಣ್ಣೆ ಸವರಿ, ಸುತ್ತಲೂ ಹಾಸು ಹರಡಿದರೆ ಅಂಗಳ ಸಿದ್ಧವಾಯಿತು. ಗುಡಿಗಾರರ ಕೆತ್ತನೆಗೆ ಹೆಸರಾದ ಸೊರಬದ ಕಡೆ ಮರವನ್ನು ಬಲ್ಲ ಕೈಗಳಿಗೆ ಕೊರತೆಯಿಲ್ಲ. ಹುಚ್ಚರಾಯಸ್ವಾಮಿಯೆಂದು ಆಂಜನೇಯನನ್ನು ಪೂಜಿಸುವ ಶಿಕಾರಿಪುರದಲ್ಲಿ ಸಾಮಿನ ಅಂಗಳಕ್ಕೆ ದೈವವನ್ನೂ ಹುಡುಕಬೇಕಾಗಿಲ್ಲ. ಮಲ್ಲಕಂಬವೀಗ ಸ್ಪರ್ಧೆಯ ವಿದ್ಯೆಯೂ ಆಗಿದೆ: 2022ರ ಜೂನ್‌ನಲ್ಲಿ ಪಂಚಕುಲದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿಯೂ, ಅದೇ ವರ್ಷ ಗುಜರಾತಿನಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿಯೂ ಅದಕ್ಕೆ ಸ್ಥಾನ ದೊರೆಯಿತು. ಕಂಬದ ಮೇಲೆ ಹಿಡಿತ, ಸಮತೋಲನ, ಧೈರ್ಯಗಳನ್ನು ಗಳಿಸಿದ ದೇಹಕ್ಕೆ ಮುಂದೆ ಸರಳು, ಉಂಗುರಗಳೂ ಸುಲಭವಾಗಿ ಒಗ್ಗುತ್ತವೆ.

ದಾನಿಗಳು ಕಟ್ಟಡಕ್ಕೆ ಕೊಡುವ ದ್ರವ್ಯವು ಕಣ್ಣಿಗೆ ಕಾಣುತ್ತದೆ; ಹಾಸಿಗೆ ಕೊಟ್ಟ ದ್ರವ್ಯವು ಮಗುವಿನ ಮುರಿಯದ ಎಲುಬಿನಲ್ಲಿ ಅಡಗಿರುತ್ತದೆ. ಎರಡೂ ಪುಣ್ಯವೇ. ತರಬೇತಿ ಪಡೆದ ಗುರುವೊಬ್ಬರ ವೇತನವನ್ನು ಹಳೆಯ ವಿದ್ಯಾರ್ಥಿಗಳು ಕೂಡಿ ವಹಿಸಿಕೊಂಡರೆ ಅದು ಉಪಕರಣಗಳ ದಾನಕ್ಕಿಂತಲೂ ಮಿಗಿಲು; ಗುರುವಿಲ್ಲದ ಉಪಕರಣ ಅಪಾಯಕ್ಕೆ ಎಡೆ.

ಕಾಯಕವೆಂಬ ಮಾತು ಕಾಯದಿಂದ ಹುಟ್ಟಿದುದು. ಕಾಯವನ್ನು ಅಣಿಗೊಳಿಸದ ಶಿಕ್ಷಣವು ಕಾಯಕಕ್ಕೆ ಜನರನ್ನು ಸಿದ್ಧಪಡಿಸಲಾರದು. ಕುಮುದ್ವತಿ, ದಂಡಾವತಿ ನದಿಗಳು ಹರಿಯುವ ಈ ಸೀಮೆಯ ಬಾಲಕ ಬಾಲಿಕೆಯರು ಗುರುವಿನ ಕೈಯಾಸರೆಯಲ್ಲಿ ನಿರ್ಭಯವಾಗಿ ಮೇಲೇರಿ, ಅಲುಗದ ಪಾದಗಳಿಂದ ನೆಲಕ್ಕಿಳಿಯುವಂತಾಗಲಿ. ಅದಕ್ಕೆ ಬೇಕಾದ ಅಂಗಳವನ್ನು ಹಿರಿಯರು ಒದಗಿಸುವಂತಾಗಲಿ.