ಜಾಲಪುಟದ ಕೊಂಡಿ: ಬರೆಯುವ ಕ್ರಮ, ತಾಳೆ ನೋಡುವ ಕ್ರಮ

ನಮ್ಮಲ್ಲಿ ಲೆಕ್ಕಪತ್ರ ಪರಿಶೋಧನೆ ಮಾಡಿಸುವ ಸಣ್ಣ ತಯಾರಕರೊಬ್ಬರು ತಮ್ಮ ಜಾಲಪುಟಕ್ಕೆ ‘ದರಪಟ್ಟಿ’ ಎಂಬ ಕೊಂಡಿಯನ್ನು ತಾವೇ ಸೇರಿಸಿದರು. ತಮ್ಮ ಕಂಪ್ಯೂಟರಿನಲ್ಲಿದ್ದ ಪ್ರತಿಯಲ್ಲಿ ಒತ್ತಿ ನೋಡಿದಾಗ ಅದು ಸರಿಯಾಗಿಯೇ ತೆರೆಯಿತು. ಗಿರಾಕಿಗಳಿಗೆ ಮಾತ್ರ ತೆರೆಯಲಿಲ್ಲ. ಕೊಂಡಿಯಲ್ಲಿ ಬರೆದಿದ್ದುದು ಅವರದೇ ಕಂಪ್ಯೂಟರಿನ ‘ಸಿ ಡ್ರೈವ್’ ವಿಳಾಸ!

ಜಮಾಖರ್ಚಿನ ನಮೂದಿನ ಪಕ್ಕದಲ್ಲಿ ಖಾತಾ ಪುಟ ಸಂಖ್ಯೆಯನ್ನು ಬರೆಯುತ್ತೇವಷ್ಟೆ. ಕೊಂಡಿಯ ಕಾರ್ಯವೂ ಅದೇ. ಎಚ್‌ಟಿಎಂಎಲ್ ಭಾಷೆಯಲ್ಲಿ ಅದರ ರೂಪ ಹೀಗಿದೆ:

<ಎ ಎಚ್‌ರೆಫ್="ವಿಳಾಸ">ದರಪಟ್ಟಿ</ಎ>

‘ಎ’ ಮತ್ತು ‘ಎಚ್‌ರೆಫ್’ಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯತಕ್ಕದ್ದು. ಉದ್ಧರಣ ಚಿಹ್ನೆಗಳೊಳಗಿನ ವಿಳಾಸ ಓದುಗರಿಗೆ ಕಾಣದು. ನಡುವಿನ ಪದ ಮಾತ್ರ ಕಾಣುತ್ತದೆ. ಕೊನೆಯ ಓರೆಗೆರೆ ಸಹಿತದ ‘ಎ’ಯನ್ನು ಮರೆತರೆ ಮುಂದಿನ ಬರಹವೂ ಕೊಂಡಿಯಾಗಿಬಿಡುತ್ತದೆ.

ವಿಳಾಸ ಬರೆಯುವಲ್ಲಿ ಗಮನಿಸಬೇಕಾದ ಅಂಶಗಳು:

1. ಅನ್ಯರ ಜಾಲತಾಣಕ್ಕೆ ‘ಎಚ್‌ಟಿಟಿಪಿಎಸ್’ ಸಹಿತ ಪೂರ್ಣ ವಿಳಾಸವನ್ನು ಕೊಡಬೇಕು. ಅದನ್ನು ಬಿಟ್ಟರೆ ಬ್ರೌಸರು ನಿಮ್ಮ ತಾಣದೊಳಗೇ ಹುಡುಕುತ್ತದೆ.

2. ಅದೇ ಫೋಲ್ಡರಿನಲ್ಲಿರುವ ಸ್ವಂತ ಕಡತಕ್ಕೆ ಅದರ ಹೆಸರಷ್ಟೇ ಸಾಕು. ಆದರೆ ಆ ಕಡತವನ್ನೂ ಸರ್ವರಿಗೆ ಏರಿಸಿರಬೇಕು. ಅನೇಕ ಸರ್ವರುಗಳಲ್ಲಿ ಇಂಗ್ಲಿಷಿನ ದೊಡ್ಡ ಮತ್ತು ಸಣ್ಣ ಅಕ್ಷರಗಳು ಬೇರೆ ಬೇರೆ ಎಂದೇ ಗಣನೆ. ಹೆಸರಿನ ನಡುವೆ ತೆರಪು ಬಿಡದಿರುವುದು ಲೇಸು.

3. ವಿಳಾಸದ ಸ್ಥಾನದಲ್ಲಿ ‘ಟೆಲ್’, ವಿವರಣ ಚಿಹ್ನೆ, +91 ಹಾಗೂ ದೂರವಾಣಿ ಸಂಖ್ಯೆಯನ್ನು ಬರೆದರೆ ಗಿರಾಕಿಯು ಮೊಬೈಲಿನಲ್ಲಿ ಒತ್ತಿ ನೇರವಾಗಿ ಕರೆ ಮಾಡಬಹುದು. ಇ-ಮೇಲಿಗೆ ‘ಮೇಲ್‌ಟು’ ಎಂದು ಆರಂಭಿಸಬೇಕು.

ಈ ಪಾಠದಿಂದ ಇನ್ನೊಂದು ಪ್ರಯೋಜನವೂ ಉಂಟು. ಕಾಣುವ ಪದಕ್ಕೂ ಕಾಣದ ವಿಳಾಸಕ್ಕೂ ಹೊಂದಾಣಿಕೆ ಇರಲೇಬೇಕೆಂಬ ಕಟ್ಟಳೆಯಿಲ್ಲ. ‘ಜಿಎಸ್‌ಟಿ ಮರುಪಾವತಿ’ ಎಂದು ಬರೆದು ವಂಚಕನ ತಾಣಕ್ಕೆ ಕೊಂಡಿ ಹಾಕುವುದು ಒಂದೇ ಸಾಲಿನ ಕೆಲಸ. ಆದುದರಿಂದ ಒತ್ತುವ ಮುನ್ನ ಮೌಸನ್ನು ಕೊಂಡಿಯ ಮೇಲಿರಿಸಿ, ಪರದೆಯ ಕೆಳಭಾಗದಲ್ಲಿ ಮೂಡುವ ವಿಳಾಸವನ್ನು ಓದಿರಿ. ಆರಂಭದ ಜೋಡಿ ಓರೆಗೆರೆಗಳ ನಂತರ ಬರುವ ಮೊದಲ ಒಂಟಿ ಓರೆಗೆರೆಯ ಹಿಂದಿನ ಭಾಗವೇ ನಿರ್ಣಾಯಕ. ಜಿಎಸ್‌ಟಿ ಪೋರ್ಟಲಿನಲ್ಲಿ ಅದು ‘ಜಿಎಸ್‌ಟಿ ಡಾಟ್ ಗವ್ ಡಾಟ್ ಇನ್’ ಎಂದೇ ಕೊನೆಗೊಳ್ಳಬೇಕು. ಸಂಶಯವಿದ್ದಲ್ಲಿ ಕೊಂಡಿಯನ್ನು ಒತ್ತದೆ, ವಿಳಾಸವನ್ನು ನೀವೇ ಟೈಪು ಮಾಡುವುದು ಕ್ಷೇಮ.

ತಿಂಗಳ ಕೊನೆಗೆ ನಗದು ಪುಸ್ತಕವನ್ನು ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡುವಂತೆ, ನಿಮ್ಮ ಜಾಲಪುಟದ ಕೊಂಡಿಗಳನ್ನೂ ಒಂದೊಂದಾಗಿ ಒತ್ತಿ ನೋಡಿರಿ. ಆದರೆ ನಿಮ್ಮ ಕಂಪ್ಯೂಟರಿನಲ್ಲಲ್ಲ, ಬೇರೆಯವರ ಮೊಬೈಲಿನಲ್ಲಿ.