ನಂಬಿಕೆ, ಡ್ರಿಲ್ಲಿಂಗ್ ಮತ್ತು ಜೋಸೆಫ್ ಗುಟ್ನಿಕ್

ಗಣಿ ಉದ್ಯಮದಲ್ಲಿ ಹಣ ಹಾಕೋರು ಕಣ್ಣಿಗೆ ಕಾಣದ ವಸ್ತುವಿನ ಮೇಲೆ ಹಣ ಹಾಕ್ತಾರೆ. ಅಂಥ ಧೈರ್ಯ ಎಲ್ಲಿಂದ ಬರುತ್ತೆ, ಎಲ್ಲಿವರೆಗೆ ಸಾಕಾಗುತ್ತೆ ಅನ್ನೋದನ್ನು ಆಸ್ಟ್ರೇಲಿಯಾದ ಜೋಸೆಫ್ ಗುಟ್ನಿಕ್ ಅವರ ವೃತ್ತಿಜೀವನದ ಮೂಲಕ ನೋಡೋಣ.

1952ರಲ್ಲಿ ಹುಟ್ಟಿದ ಗುಟ್ನಿಕ್ ಸಂಪ್ರದಾಯಸ್ಥ ಯಹೂದಿ. ಓದಿ ರಬ್ಬಿ, ಅಂದ್ರೆ ಧರ್ಮಗುರು ಆದವರು. 1990ರ ದಶಕದಲ್ಲಿ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರಾದಾಗಲೂ ಶನಿವಾರದ ಪಂದ್ಯಗಳಿಗೆ ಹೋಗ್ತಿರಲಿಲ್ಲ. ಅವತ್ತು ಸಬ್ಬತ್, ಯಹೂದಿಗಳ ವಿಶ್ರಾಂತಿಯ ದಿನ.

ನ್ಯೂಯಾರ್ಕಿನಲ್ಲಿದ್ದ ಅವರ ಗುರು ಮೆನಾಹೆಮ್ ಷ್ನೀರ್ಸನ್, ಆಸ್ಟ್ರೇಲಿಯಾದಲ್ಲಿ ಚಿನ್ನ, ವಜ್ರ ಸಿಗುತ್ತೆ ಅಂತ ಹರಸಿದ್ದರು. ಗುಟ್ನಿಕ್ ಹುಡುಕಾಟ ಬಿಡಲಿಲ್ಲ. 'ಡೈಮಂಡ್ ಜೋ' ಅಂತ ಅಡ್ಡಹೆಸರು ಬಂದರೂ ಅವರು ಗೆದ್ದಿದ್ದು ಚಿನ್ನದಲ್ಲಿ. ಅವರ ಗ್ರೇಟ್ ಸೆಂಟ್ರಲ್ ಮೈನ್ಸ್ ಕಂಪನಿ 1992ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬ್ರಾಂಜ್‌ವಿಂಗ್ ನಿಕ್ಷೇಪ ಪತ್ತೆ ಮಾಡಿತು.

ಆದರೆ ಹರಕೆಯಲ್ಲಿ ಅಕ್ಷಾಂಶ, ರೇಖಾಂಶ ಇರಲಿಲ್ಲ. ಎಲ್ಲಿ ಕೊರೆಯಬೇಕು ಅಂತ ಹೇಳಿದ್ದು ಭೂವಿಜ್ಞಾನ. ಬ್ರಾಂಜ್‌ವಿಂಗ್ ಇರೋದು ಗ್ರೀನ್‌ಸ್ಟೋನ್ ಅನ್ನೋ ಅತಿ ಹಳೆಯ ಶಿಲಾಪಟ್ಟಿಯಲ್ಲಿ. ನಮ್ಮ ಕೋಲಾರ, ಹಟ್ಟಿಯ ಚಿನ್ನ ಸಿಕ್ಕಿದ್ದೂ ಅದೇ ಜಾತಿಯ ಬಂಡೆಯಲ್ಲಿ. ಇಂಥ ಕಡೆ ಸಾಲುಸಾಲಾಗಿ ಬೋರ್ ಕೊರೆದು, ಸ್ಯಾಂಪಲ್ ತೆಗೆದು, ಲ್ಯಾಬಿಗೆ ಕಳಿಸ್ತಾರೆ. ಒಂದು ಟನ್ ಕಲ್ಲಲ್ಲಿ ಕೆಲವೇ ಗ್ರಾಂ ಚಿನ್ನವಿದ್ದರೂ ಗಣಿ ನಡೆಯಬಹುದು. ಹೆಚ್ಚಿನ ಬೋರ್‌ಗಳಲ್ಲಿ ಏನೂ ಸಿಗಲ್ಲ. ಆಗ ಮುಂದಿನ ಬೋರ್‌ಗೆ ದುಡ್ಡು ಹಾಕೋಕೆ ನಂಬಿಕೆ ಬೇಕು.

ನಂತರ ಅವರು ಲೆಜೆಂಡ್ ಇಂಟರ್‌ನ್ಯಾಷನಲ್ ಕಂಪನಿಯಿಂದ ಕ್ವೀನ್ಸ್‌ಲ್ಯಾಂಡಿನ ಫಾಸ್ಫೇಟ್‌ಗೆ ಕೈ ಹಾಕಿದರು. 2008ರಲ್ಲಿ ಗೊಬ್ಬರದ ಬೆಲೆ ಗಗನಕ್ಕೇರಿತ್ತು. ಭಾರತದ ಇಫ್ಕೋ ಕೂಡ ಹಣ ಹೂಡಿತು. ಇಲ್ಲಿ ಲೆಕ್ಕವೇ ಬೇರೆ. ಚಿನ್ನದ ಗಟ್ಟಿಯನ್ನು ಸಣ್ಣ ವಿಮಾನದಲ್ಲಿ ಸಾಗಿಸಬಹುದು. ಫಾಸ್ಫೇಟ್ ಅಗ್ಗದ ಸರಕು, ಲಕ್ಷಗಟ್ಟಲೆ ಟನ್ ಸಾಗಿಸಬೇಕು. ಆ ಸೀಮೆಯ ಮೌಂಟ್ ಐಸಾದಿಂದ ಟೌನ್ಸ್‌ವಿಲ್ ಬಂದರಿಗೆ ರೈಲಿನಲ್ಲಿ ಹತ್ತಿರ ಹತ್ತಿರ ಸಾವಿರ ಕಿ.ಮೀ. ಬೆಲೆ ಇಳಿದಾಗಲೂ ಸಾಗಣೆ ಖರ್ಚು ಹಾಗೇ ಇರುತ್ತೆ. ಯೋಜನೆ ಅಂದುಕೊಂಡಷ್ಟು ಬೆಳೆಯಲಿಲ್ಲ, ಇಫ್ಕೋ ಕಡೆಯವರ ಜೊತೆಗಿನ ವ್ಯಾಜ್ಯ ಸಿಂಗಪುರದ ಮಧ್ಯಸ್ಥಿಕೆಗೆ ಹೋಯಿತು. 2016ರಲ್ಲಿ ಗುಟ್ನಿಕ್ ದಿವಾಳಿಯಾದರು.

ಎರಡೂ ಕಡೆ ಮನುಷ್ಯ ಒಬ್ಬನೇ, ನಂಬಿಕೆಯೂ ಅದೇ. ಬದಲಾಗಿದ್ದು ಖನಿಜ, ದೂರ, ಬೆಲೆ. ಹಾಗಾಗಿ ಅವರ ಗೆಲುವಿಗೆ ದೇವರನ್ನೂ ಸೋಲಿಗೆ ಹಣೆಬರಹವನ್ನೂ ಕಾರಣ ಮಾಡಿದರೆ ನಾವು ಕಲಿಯೋದು ಏನೂ ಉಳಿಯಲ್ಲ. ನಾಳೆ ನಾವು ಯಾವ ಪ್ರಾಜೆಕ್ಟ್ ರಿಪೋರ್ಟ್ ಹಿಡಿದರೂ ಎರಡು ಪ್ರಶ್ನೆ ಕೇಳೋಣ: ನೆಲದಲ್ಲಿ ಎಷ್ಟಿದೆ? ಅದನ್ನು ಕೊಳ್ಳುವವನ ಬಾಗಿಲಿಗೆ ಮುಟ್ಟಿಸೋಕೆ ಎಷ್ಟಾಗುತ್ತೆ?